ಅತಿಥಿಗಳ ಪಟ್ಟಿಯಲ್ಲಿ ಅಮ್ಮನ ಟಿವಿ

ಹಣೆಯಿಂದ ಜಾರಿದ ಬೆವರ ಹನಿ ಫೋನಿನ ಗಾಜಿನ ಮೇಲೆ ಬಿದ್ದು ಅದರಡಿಯ ಅಕ್ಷರಗಳು ದಪ್ಪಗೆ ಊದಿಕೊಂಡವು, ಅಮ್ಮನ ಟಿವಿ, ಅದರ ಕೆಳಗೆ ಸಣ್ಣಗೆ ಅತಿಥಿಗಳ ವೈಫೈ, ಹೆಬ್ಬೆರಳಿನಿಂದ ಒರೆಸಿದೆ, ಹನಿ ಹೋಯಿತು, ಅಕ್ಷರ ಹೋಗಲಿಲ್ಲ, ಅತಿಥಿಗಳ ವೈಫೈ ಅಂತೆ, ಯಾರಪ್ಪನ ವೈಫೈ, ಅದಕ್ಕೆ ವೈರು ಹಾಕಿದ್ದೇನೆ, ಇದೇ ಕೈಯಿಂದ ಹಾಕಿದ್ದೇನೆ, ಬಗ್ಗಿ ನೋಡಿದರೆ ಟಿವಿಯ ಬೆನ್ನಿಗೆ ಹಳದಿ ವೈರು ಕಚ್ಚಿಕೊಂಡೇ ಇದೆ, ಕಣ್ಣಿಗೆ ಕಾಣುವುದನ್ನು ಈ ಫೋನು ಇಲ್ಲ ಅನ್ನುತ್ತದೆ, ಆ್ಯಪಿನಲ್ಲಿ ಅತಿಥಿಗಳ ವೈಫೈ ಹಿಡಿದವರ ಪಟ್ಟಿ ಇದು — ಮೇಲಿನ ಬಾಡಿಗೆ ಕೋಣೆಯ ಮಿಲೋಶನ ಫೋನು, ಅವನ ಹೆಂಡತಿಯ ಫೋನು, ಎದುರು ಕೋಣೆಯ ಪೋಲೆಂಡಿನವರವು ಮೂರು, ಅವುಗಳ ಸಾಲಿನಲ್ಲೇ ಅಮ್ಮನ ಟಿವಿ, ನನ್ನ ಕಂಪ್ಯೂಟರು, ನನ್ನ ಪ್ರಿಂಟರು, ಮೂರೂ ವೈರಿನವು, ಮೂರೂ ಅತಿಥಿಗಳು! ಬೆಳಿಗ್ಗೆ ಮಿಲೋಶ್ ಚಡ್ಡಿಯಲ್ಲೇ ಮೆಟ್ಟಿಲಿಳಿದು ಬಂದ, ಪಾಶ್ಕೊ, ನಿಮ್ಮ ಇಂಟರ್ನೆಟ್ ಕುಂಟ್ತಾ ಇದೆ, ಒಂದ್ ಫೋಟೋ ಹೋಗೋಕೆ ಒಂದ್ ಕಾಫಿ ಮುಗಿಯತ್ತೆ, ನಕ್ಕುಕೊಂಡೇ ಹೇಳಿದ, ಆದರೆ ಊರಿಗೆ ಹೋಗಿ ಐದರಲ್ಲಿ ಎರಡೇ ನಕ್ಷತ್ರ ಕೊಟ್ಟು ಮನೆಯ ಬಗ್ಗೆ ಬರೆಯುವವರು ಹೀಗೆ ನಗುವವರೇ, ಪ್ರಾಗಿನಿಂದ ಹತ್ತು ಗಂಟೆ ಕಾರು ಓಡಿಸಿಕೊಂಡು ತನ್ನ ಡಬ್ಬಿ ಸೂಪನ್ನು ತಾನೇ ಹೊತ್ತು ತಂದವನು ಅವನು, ಬಿಟ್ಟಾನೆಯೇ. ಯಾರೋ ಕದಿಯುತ್ತಿದ್ದಾರೆ, ನನಗೆ ಅನುಮಾನವೇ ಇಲ್ಲ, ಅತಿಥಿಗಳ ಹೆಸರಿನಲ್ಲಿ ಯಾವನೋ ಒಳಗೆ ನುಸುಳಿದ್ದಾನೆ, ಪಟ್ಟಿಯ ಕೊನೆಯಲ್ಲಿ ಹೆಸರಿಲ್ಲದ್ದು ಒಂದು ಇದೆ, ಗುರುತಿಲ್ಲದ ಸಾಧನ ಅಂತ, ಒಂದು ಗಂಟೆಗೆ ಊಟಕ್ಕೆ ಕೂರುವುದರೊಳಗೆ ಅವನನ್ನು ಹಿಡಿದು ಕಿತ್ತು ಬಿಸಾಡದಿದ್ದರೆ ನನ್ನ ಹೆಸರು ಪಾಶ್ಕೊ ಅಲ್ಲ. ಈಗ ಹನ್ನೆರಡು.

ಗಂಟೆ ಹೊಡೆಯುತ್ತಿದೆ ಚರ್ಚಿನಲ್ಲಿ, ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು, ಕೇಳಿಸಿ ಅಲ್ಲ, ನನ್ನ ಹೆಂಡತಿ ನೆದಾ ಮಾಡಿಕೊಂಡದ್ದನ್ನು ನೋಡಿ, ಕಿವಿ ಹೋಗಿ ಎರಡು ವರ್ಷದ ಮೇಲಾಯಿತು — ನೆಲಮಾಳಿಗೆಯಲ್ಲಿ ಬೂತಾಯಿಯ ವಾಸನೆ, ನೆದಾ ಮೀನಿನ ತಲೆ ಚಿವುಟಿ ಚಿವುಟಿ ಬಟ್ಟಲಿಗೆ ಹಾಕುತ್ತಿದ್ದಾಳೆ, ಟಪ್, ಟಪ್, ಪ್ರತಿ ತಲೆಗೂ ನನ್ನನ್ನೊಮ್ಮೆ ನೋಡುತ್ತಾಳೆ, ಯೂಗೊ ಬೀಸ್ತಾ ಇದೆ ಪಾಶ್ಕೊ, ಇಂಥಾ ದಿನ ಏನೂ ಮುಟ್ಬಾರ್ದು, ನಾಳೆ ನೋಡಿದ್ರೆ ಆಗಲ್ವಾ, ದಕ್ಷಿಣದ ಈ ಒದ್ದೆ ಗಾಳಿ ಬೀಸಿದರೆ ನಮ್ಮ ದ್ವೀಪದಲ್ಲಿ ಯಾರೂ ಮನೆ ಮಾರುವುದಿಲ್ಲ, ಮದುವೆ ಮಾತಾಡುವುದಿಲ್ಲ, ತಲೆನೋವಿಗೂ ಜಗಳಕ್ಕೂ ಅದೇ ಕಾರಣ, ವೈಫೈಗೂ ಅದೇನಾ, ನಿಂಗೆ ಏನ್ ಗೊತ್ತಾಗತ್ತೆ ಸುಮ್ನೆ ಮೀನು ನೋಡ್ಕೋ ಅಂದೆ, ನಿಂಗ್ ಗೊತ್ತಾಗೋದು ಕಾಣ್ತಾ ಇದೆಯಲ್ಲ, ಆರನೇ ಸಲ ಆರಿಸಿ ಹಚ್ತಾ ಇದೀಯ ಅಂದಳು. ನಿಜ, ನನಗೆ ಗೊತ್ತಾಗುವುದು ಮರ, ನಲವತ್ತು ವರ್ಷ ದೋಣಿ ಕಟ್ಟಿದವನು, ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಒಳಗೆ ಹುಳು ಇದೆಯೋ ಇಲ್ಲವೋ ಹೇಳುತ್ತೇನೆ, ವೈರು ತಟ್ಟಿದರೆ ಏನು ಹೇಳುತ್ತದೆ, ಮಣ್ಣು, ವೈರಿನ ಕೆಲಸ ಈ ಮನೆಯಲ್ಲಿ ಅವನದಾಗಿತ್ತು, ಹಡಗಿನ ಎಲೆಕ್ಟ್ರಿಷಿಯನ್ ಅವನು, ನನ್ನ — ಬೇಡ, ಅವನ ಮಾತು ಯಾಕೆ ಈಗ, ಒಂಬತ್ತು ವರ್ಷದಿಂದ ಆ ಹೆಸರು ಈ ಬಾಯಿಗೆ ಬಂದಿಲ್ಲ, ಇವತ್ತೂ ಬರುವುದು ಬೇಡ. ಏಪ್ರಿಲಿನಲ್ಲಿ ವೈಫೈ ಹರಡುವ ಈ ಬಿಳಿ ಡಬ್ಬಿಗಳನ್ನು ತಂದೆ, ಮೂರು, ಒಂದು ಮೇಲಿನ ಪಡಸಾಲೆಗೆ, ಒಂದು ಜಗುಲಿಗೆ, ಒಂದು ಇಲ್ಲಿಗೆ, ಜೂನ್ ಬಂದರೆ ನಮ್ಮ ಹಾಸಿಗೆ ಬಟ್ಟೆ ಬರೆ ಎಲ್ಲ ಈ ನೆಲಮಾಳಿಗೆಗೆ ಇಳಿಯುತ್ತದೆ, ಮೇಲಿನದೆಲ್ಲ ಬಾಡಿಗೆಯವರಿಗೆ, ಸೆಪ್ಟೆಂಬರಿನವರೆಗೆ ನಮ್ಮದೇ ಕಕ್ಕಸಿಗೆ ಹೋಗಬೇಕಾದರೂ ಬಾಗಿಲು ತಟ್ಟಬೇಕು, ಎಲ್ಲರ ಮನೆಯದೂ ಅದೇ ಕಥೆ, ಅದಕ್ಕೆ ಯಾರೂ ಬೇಸರಿಸಿಕೊಳ್ಳುವುದಿಲ್ಲ, ಆದರೆ ಈ ಆ್ಯಪ್ ಕೂಡ ನನ್ನನ್ನು ಅತಿಥಿ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ. ಮೇಜಿನ ಮೇಲೆ ಕೈಯೂರಿದೆ, ಅಂಗೈ ಕೆಳಗೆ ಆ ಗಂಟು ಸಿಕ್ಕಿತು, ಮರದ ಗಂಟು, ಗೋಡೆಗೆ ತಾಗಿದ ಕಡೆ ಅರ್ಧಕ್ಕೇ ನಿಂತುಹೋದದ್ದು, ಅರ್ಧ ಚಂದ್ರನ ಹಾಗೆ, ಕೈ ತೆಗೆದೆ.

ಬಿಳಿ ಡಬ್ಬಿಯ ಕಂಪನಿಗೆ ಹಚ್ಚಿದೆ, ಫೋನಿನಲ್ಲಿ ಸಂಗೀತ, ಹದಿನೈದು ನಿಮಿಷದಿಂದ ಅದೇ ಸಂಗೀತ, ಆಮೇಲೆ ಒಬ್ಬಳು ಬಂದಳು, ನಮಸ್ಕಾರ ಸರ್, ಏನ್ ತೊಂದರೆ, ತೊಂದರೆ ಏನಮ್ಮ, ನನ್ನ ವೈರಿನ ಸಾಮಾನುಗಳನ್ನ ನಿಮ್ಮ ಆ್ಯಪ್ ಅತಿಥಿಗಳ ವೈಫೈಲಿ ತೋರಿಸ್ತಾ ಇದೆ, ಹಾಗೆ ಆಗೋಕೆ ಸಾಧ್ಯ ಇಲ್ಲ ಸರ್, ವೈರಿನದು ವೈರಿನ ಪಟ್ಟೀಲೇ ಬರತ್ತೆ, ಸಾಧ್ಯ ಇಲ್ಲದ್ದು ನನ್ನ ಕಣ್ಣೆದುರಿಗೆ ಇದೆ ತಾಯಿ, ಒಂದ್ಸಲ ಎಲ್ಲಾ ಆರಿಸಿ ಹಚ್ಚಿದೀರಾ ಸರ್ — ಅಯ್ಯೋ ದೇವರೇ, ಆರಿಸಿ ಹಚ್ಚುವುದೊಂದೇ ಇವರಿಗೆ ಗೊತ್ತಿರುವ ಮಂತ್ರ, ಆರು ಸಲ ಹಚ್ಚಿದೆ, ಹಚ್ಚಿದ ಕೂಡಲೇ ಸರಿ ಇರತ್ತೆ, ಪುಟ್ಟದೊಂದು ವೈರಿನ ಚಿತ್ರ ಬರತ್ತೆ, ನಾಲ್ಕು ನಿಮಿಷ ಆದ್ಮೇಲೆ ಒಂದೊಂದೇ ಅತಿಥಿಗಳ ಕಡೆ ಜಾರ್ತಾವೆ, ಮೊದ್ಲು ಟಿವಿ, ಆಮೇಲೆ ಕಂಪ್ಯೂಟರು, ಆಮೇಲೆ ಪ್ರಿಂಟರು, ಅವಳ ಕೀಲಿಮಣೆ ಟಕಟಕ ಅಂದಿತು, ಅವಳ ಹಿಂದೆ ಯಾರೋ ಕೆಮ್ಮಿದರು, ಎಲ್ಲಾ ವೈರು ಎಲ್ಲಿಗೆ ಬರತ್ತೆ ಸರ್, ಒಂದು ಕಪ್ಪು ಡಬ್ಬಿಗೆ, ಐದು ಕಿಂಡಿ ಇದೆ, ಹಳೇದು, ನಮ್ಮ ಮನೇದೇ, ಅದರಿಂದ ನಿಮ್ಮ ಬಿಳಿ ಡಬ್ಬಿಗೆ, ಹಾಗಾದ್ರೆ ಸರ್, ಅತಿಥಿಗಳ ವೈಫೈನ ಹಿಡಿಯೋ ಯಾವ್ದೋ ಇನ್ನೊಂದು ಡಬ್ಬಿ ನಿಮ್ಮ ಕಪ್ಪು ಡಬ್ಬಿಗೂ ಸೇರ್ಕೊಂಡಿರ್ಬೇಕು, ಒಂದೇ ಕೋಣೆಗೆ ಎರಡು ಬಾಗಿಲು ಇದ್ದ ಹಾಗೆ, ನಿಮ್ಮ ಟಿವಿ ಅತಿಥಿಗಳ ಬಾಗಿಲಿಂದ ಬಂದ ಹಾಗೆ ಯಂತ್ರಕ್ಕೆ ಕಾಣ್ತಾ ಇದೆ, ಇನ್ನೊಂದು ಡಬ್ಬಿ ಇಲ್ಲಮ್ಮ, ಮನೆ ನಂದು, ನಂಗೆ ಗೊತ್ತಿಲ್ವಾ, ಅತಿಥಿಗಳ ವೈಫೈ ಆರಿಸಿ ನೋಡಿ ಸರ್, ಯಾವ್ದು ಸಾಯತ್ತೆ ಅಂತ. ಫೋನು ಇಟ್ಟಳು.

ಆರಿಸಿದೆ. ಕೂಡಲೇ ಮೇಲಿನಿಂದ ಮಿಲೋಶ್, ಪಾಶ್ಕೊ, ಈಗ ಕುಂಟೋದೂ ನಿಂತ್ಹೋಯ್ತು ಮಾರಾಯಾ! ಇರಪ್ಪಾ ಐದು ನಿಮಿಷ, ಸಮುದ್ರ ಇದೆಯಲ್ಲ, ಅದನ್ನ ನೋಡು — ಆದರೆ ಮಿಲೋಶನಿಗಿಂತ ಮೊದಲು ಸದ್ದು ಮಾಡಿದ್ದು ಅಮ್ಮ, ಹಾ ಅಂತ ಸಣ್ಣಗೆ, ಕಾಲಿಗೆ ಮುಳ್ಳು ಹೊಕ್ಕವರ ಹಾಗೆ, ತಿರುಗಿ ನೋಡಿದರೆ ಅವಳು ಆಗಷ್ಟೇ ಹಚ್ಚಿದ್ದ ಟಿವಿಯಲ್ಲಿ ಕಪ್ಪು, ಕಪ್ಪಿನ ನಡುವೆ ಒಂದು ಸುತ್ತುವ ಉಂಗುರ, ಅಮ್ಮ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದಾಳೆ, ಹಾಕೋ ಮಗಾ, ಹಾಕು, ಊಟದ ಹೊತ್ತಾಯ್ತು, ಊಟಕ್ಕೂ ಟಿವಿಗೂ ಏನಮ್ಮಾ, ಕೂಗಿದೆ, ಕಿವಿಯ ಹತ್ತಿರ ಹೋಗಿ ಕೂಗಿದೆ, ಹಾಕು ಅಂದಳು ಅಷ್ಟೇ, ನೆದಾ ಮೀನಿನ ಕೈಯಲ್ಲೇ ಎದ್ದು ನಿಂತಳು, ಯಾಕೆ ಎದ್ದಳು, ಮತ್ತೆ ಕೂತಳು. ಬೇರೆ ಹೊತ್ತಿನಲ್ಲಿ ಅಮ್ಮ ಟಿವಿಯ ಕಡೆ ತಲೆಯೂ ಹಾಕುವುದಿಲ್ಲ, ವಾರ್ತೆ ಬೇಡ, ಪೂಜೆ ಬೇಡ, ಒಂದು ಗಂಟೆಗೆ ಊಟಕ್ಕೆ ಕೂರುವಾಗ ಮಾತ್ರ ಬೇಕು, ಅದನ್ನೂ ಗೋಡೆಗೇ ಆನಿಸಿ ಈ ಅರ್ಧ ಮೇಜಿನ ಮೇಲೇ ಇಡಬೇಕು ಅಂತ ಹಟ ಹಿಡಿದಳು ಏಪ್ರಿಲಿನಲ್ಲಿ, ನನಗೆ ಮಧ್ಯಾಹ್ನ ನೆಲಮಾಳಿಗೆಯಲ್ಲಿ ಉಣ್ಣುವ ಪುರುಸೊತ್ತೆಲ್ಲಿದೆ, ಒಂದು ಗಂಟೆಗೆ ಹಡಗು ಬರುತ್ತದೆ, ಬಾಡಿಗೆಯವರನ್ನು ಕರೆತರಲು ಕಟ್ಟೆಗೆ ಓಡಬೇಕು, ಇವತ್ತು ಶುಕ್ರವಾರ, ಯಾರೂ ಬರುವುದಿಲ್ಲ, ಅದಕ್ಕೇ ಇಲ್ಲಿದ್ದೇನೆ. ಗೋಡೆಗೆ ಮುಖ ಮಾಡಿ ಉಣ್ಣುವುದು ಅವಳ ಹಳೆಯ ಚಾಳಿ, ಟಿವಿ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ, ಕುರ್ಚಿ ತಿರುಗಿಸಿ ಸಮುದ್ರದ ಕಡೆ ಕೂತ್ಕೋ ಅಂತ ಎಷ್ಟು ಸಲ ಹೇಳಿದ್ದೇನೆ, ಗೋಡೆಯ ಕಡೆ ಬಗ್ಗಿ ಏನೋ ಗೊಣಗುತ್ತಿದ್ದಳು, ಜಪ ಮಾಡುತ್ತಾಳೆ ಅಂದುಕೊಂಡಿದ್ದೆ, ಅಮ್ಮ ದೈವಭಕ್ತೆ ಅಂತ ಪಾದ್ರಿಗೂ ಹೇಳಿದ್ದೆ.

ಆ ಗೋಡೆ ಕಟ್ಟಿದವನು ನಾನು. ಅಪ್ಪ ತೀರಿಕೊಂಡ ವರ್ಷ, ಪಾಲು ಆದ ವರ್ಷ, ಮನೆ ಸರಿಯಾಗಿ ನಡುವಿಗೆ ಎರಡಾಗಬೇಕು ಅಂತ ಅಣ್ಣತಮ್ಮ ಇಬ್ಬರೂ ಹಟ ಹಿಡಿದು ಕೋರ್ಟಿನಲ್ಲಿ ಗೆರೆ ಎಳೆಸಿದೆವು, ಗೆರೆ ಬಂದು ನಿಂತದ್ದು ಅಪ್ಪನ ಮೇಜಿನ ಮೇಲೆ, ಒಡೆದ ಹಡಗಿನ ಓಕ್ ಹಲಗೆಯಲ್ಲಿ ಅಪ್ಪ ಈ ನೆಲಮಾಳಿಗೆಯೊಳಗೇ ಕೂತು ಮಾಡಿದ ಮೇಜು, ಹನ್ನೆರಡು ಜನ ಕೂರುವಂಥದ್ದು, ಬಾಗಿಲಿನಲ್ಲಿ ಹಿಡಿಸುವುದಿಲ್ಲ, ಹೊರಗೆ ಒಯ್ಯುವುದು ಅಂತಲೇ ಇಲ್ಲ, ಯಾರ ಪಾಲಿಗೆ ಅಂದರೆ ಇಬ್ಬರೂ ನನ್ನ ಪಾಲಿಗೆ, ಹಾಗಾದ್ರೆ ಕೊಯ್ತೀನಿ ಅಂದೆ, ಕೊಯ್ಯಿ ಅಂದ ಲುಕ್ಷಾ — ಬಂದೇ ಬಿಟ್ಟಿತು ಹೆಸರು, ಹಾಳಾದ್ದು — ಕೊಯ್ಯಿ, ನೀನೇ ಬಡಗಿ. ಅಳೆದೆ, ಗೆರೆ ಸರಿಯಾಗಿ ಆ ಗಂಟಿನ ಮೇಲೆ ಬಂತು, ಗಂಟು ಬಿಟ್ಟು ಕೊಯ್ಯಿ ಪಾಶ್ಕೊ, ಎರಡು ಬೆರಳು ನಿನ್ ಕಡೆಗೇ ಬರ್ಲಿ, ಪರವಾಗಿಲ್ಲ, ಗಂಟು ಕೊಯ್ಬಾರ್ದು ಅಂತ ನೀನೇ ಹೇಳ್ತಿದ್ದೆ ಅಂದ, ಇಲ್ಲ, ನಡು ಅಂದ್ರೆ ನಡು, ನಿನ್ ಭಿಕ್ಷೆ ಬೇಡ ನಂಗೆ, ಎರಡು ಗಂಟೆ ಹಿಡಿಯಿತು, ಗಂಟಿನ ಹತ್ತಿರ ಗರಗಸದ ಮೂರು ಹಲ್ಲು ಮುರಿದವು, ಕೊನೆಗೆ ಹಲಗೆ ಸೀಳಿ ಹೋಗದ ಹಾಗೆ ಆ ತುದಿಯನ್ನು ಎತ್ತಿ ಹಿಡಿದವನು ಅವನೇ, ಭಾರಕ್ಕೆ ಅವನ ತೋಳು ಬಾಗುತ್ತಿತ್ತು, ನೋಡಿದೆ, ನೋಡದ ಹಾಗೆ ಕೊಯ್ದೆ. ಮಾರನೆಯ ದಿನ ಕೊಯ್ದ ಅಂಚಿಗೇ ಇಟ್ಟಿಗೆ ಏರಿಸಿದೆ, ಅಮ್ಮ ಮೂಲೆಯಲ್ಲಿ ನಿಂತಿದ್ದಳು, ನಾನ್ ಯಾವ್ ಕಡೆ ನಿಲ್ಲಲೋ ಅಂದಳು, ಇಲ್ಲೇ ನಿಲ್ಲು ಅಂದೆ, ಸಿಮೆಂಟಿನ ಕೈಯಲ್ಲಿ ಬಾಗಿಲು ತೋರಿಸಿ ಅಂದೆ, ಅವನ ಬಾಗಿಲು ದಾಟಿದ ದಿನ ಈ ಬಾಗಿಲು ನಿಂಗಿಲ್ಲಮ್ಮಾ, ತಿಳ್ಕೊಂಡಿರು — ಯೂಗೊ ಬೀಸುತ್ತಿತ್ತು ಆವತ್ತೂ. ಸಿಟ್ಟಿನಲ್ಲಿ ಆಡಿದ ಮಾತು, ಒಂದು ವಾರದಲ್ಲಿ ಮರೆಯುತ್ತಾಳೆ ಅಂದುಕೊಂಡೆ, ಮರೆಯಲಿಲ್ಲ, ಒಂದು ದಿನವೂ ದಾಟಲಿಲ್ಲ, ಮೊದಮೊದಲು ಚರ್ಚಿನಲ್ಲಿ ದೂರದಿಂದ ಅವನನ್ನು ನೋಡುತ್ತಿದ್ದಳು, ಮೊಣಕಾಲು ಹೋದ ಮೇಲೆ ಅದೂ ಇಲ್ಲ. ದಾಟಮ್ಮಾ ಅಂತ ನಾನೂ ಹೇಳಲಿಲ್ಲ. ಹೇಳಬಹುದಿತ್ತು.

ಸಾಕು, ಕೆಲಸ, ಕೆಲಸ ಮಾಡು, ಅತಿಥಿಗಳ ವೈಫೈ ಮತ್ತೆ ಹಚ್ಚಿದೆ, ಟಿವಿಯಲ್ಲಿ ಉಂಗುರ ಸುತ್ತುತ್ತಲೇ ಇದೆ, ಮೇಜಿನ ಕೆಳಗೆ ತೂರಿದೆ, ಮೊಣಕಾಲು ಚಿಟಕ್ ಅಂದಿತು, ಕಪ್ಪು ಡಬ್ಬಿಯ ಮೇಲೆ ಬೆರಳು ದಪ್ಪ ಧೂಳು, ಧೂಳಿನಲ್ಲಿ ಹಸಿರು ದೀಪಗಳು ಮಿಣುಕುತ್ತಿವೆ, ಎಣಿಸಿದೆ, ಟಿವಿಯದು ಒಂದು, ಕಂಪ್ಯೂಟರಿನದು ಎರಡು, ಪ್ರಿಂಟರಿನದು ಮೂರು, ಬಿಳಿ ಡಬ್ಬಿಗೆ ಹೋಗುವುದು ನಾಲ್ಕು, ಐದು — ಐದನೆಯದು ಯಾವುದು, ನನ್ನವೆಲ್ಲ ಹಳದಿ, ಇದು ಬೂದು, ಹಡಗಿನಲ್ಲಿ ಬಳಸುವ ದಪ್ಪ ಬೂದು ವೈರು, ತುದಿಯಲ್ಲಿ ಕಪ್ಪು ಟೇಪನ್ನು ಮೂರು ಸುತ್ತು ನೀಟಾಗಿ ಸುತ್ತಿದೆ, ಹಾಗೆ ಸುತ್ತುವವನನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ, ಮೇಜಿನ ಕಾಲಿನ ಹಿಂದೆ, ಗೋಡೆಯ ಬುಡದಲ್ಲಿ, ಮೇಲಕ್ಕೆ, ನೀರಿನ ಪೈಪಿಗೆಂದು ನಾನೇ ಬಿಟ್ಟು ಆಮೇಲೆ ಬಟ್ಟೆ ತುರುಕಿದ್ದ ತೂತಿಗೆ, ಮೇಜಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಆ ತೂತು, ಬಟ್ಟೆ ಬೇರೆ, ನನ್ನದು ಹಳೇ ಅಂಗಿಯಾಗಿತ್ತು, ಇದು ಅಮ್ಮನ ತಲೆವಸ್ತ್ರ, ಒಗೆದು ಮಡಿಚಿದ್ದು. ಕಳ್ಳ! ಗೋಡೆಯಾಚೆ ಕೂತು ನನ್ನ ವೈಫೈ ಕದಿಯುತ್ತಿದ್ದಾನೆ, ಪಟ್ಟಿಯ ಆ ಗುರುತಿಲ್ಲದ ಸಾಧನ ಅವನದೇ, ಅವನ ಪಾಲಿಗೆ ಫೋನಿನ ತಂತಿ ಎಳೆಯಲು ಬಂದವರನ್ನು ನನ್ನ ಅಂಗಳದ ಮೇಲೆ ಹಾಯಬೇಡಿ ಅಂತ ನಾನೇ ಎರಡು ಸಲ ಓಡಿಸಿದ್ದೆ, ಅದಕ್ಕೆ ಸೇಡು, ಬಾಡಿಗೆಯವರ ಬಾಗಿಲಿನಲ್ಲಿ ನೇತುಹಾಕಿದ ಕಾರ್ಡಿನ ಗುಪ್ತಪದ ಯಾರು ಹೇಳಿದರು ಅವನಿಗೆ, ಯಾರು, ಐದನೆಯದನ್ನು ಹಿಡಿದು ಕಿತ್ತೆ.

ಫೋನು ನೋಡಿದೆ, ಒಂದು ನಿಮಿಷ, ಎರಡು, ಅಮ್ಮನ ಟಿವಿ, ಪುಟ್ಟ ವೈರಿನ ಚಿತ್ರ, ಕಂಪ್ಯೂಟರು, ವೈರು, ಪ್ರಿಂಟರು, ವೈರು, ಐದು ನಿಮಿಷ, ಒಂದೂ ಜಾರಲಿಲ್ಲ, ಎಲ್ಲರೂ ತಂತಮ್ಮ ಜಾಗದಲ್ಲಿ, ಮೇಲಿನಿಂದ ಮಿಲೋಶ್, ಪಾಶ್ಕೊ, ಓಡ್ತಾ ಇದೆ, ಕುದುರೆ ಹಾಗೆ ಓಡ್ತಾ ಇದೆ! ನೋಡಿದ್ಯಾ ನೆದಾ, ನೋಡಿದ್ಯಾ, ಸರಿಮಾಡ್ದೆ, ಸಾಧ್ಯ ಇಲ್ಲ ಅಂದ್ಲಲ್ಲ ಅವಳು — ನೆದಾ ನೋಡುತ್ತಿಲ್ಲ ನನ್ನನ್ನು. ಅಮ್ಮನನ್ನು ನೋಡುತ್ತಿದ್ದಾಳೆ. ಅಮ್ಮ ಊಟಕ್ಕೆ ಕೂತಿದ್ದಾಳೆ, ತಟ್ಟೆಯಲ್ಲಿ ಸೊಪ್ಪು, ಆಲೂಗಡ್ಡೆ, ಮೂರು ಬೂತಾಯಿ, ಲೋಟದಲ್ಲಿ ನೀರು ಬೆರೆಸಿದ ವೈನು, ತಟ್ಟೆಯನ್ನು ಕಪ್ಪು ಟಿವಿಯ ಕಡೆ ಸ್ವಲ್ಪ ವಾಲಿಸಿ ಹಿಡಿದಿದ್ದಾಳೆ, ಯಾರಿಗೋ ತೋರಿಸುವ ಹಾಗೆ, ಯಾರೂ ಇಲ್ಲ, ತಟ್ಟೆ ಕೆಳಗಿಟ್ಟಳು, ಒಂದು ಗಂಟೆ ಹೊಡೆಯಿತು, ತಿನ್ನಲಿಲ್ಲ, ಕೈ ತೊಡೆಯ ಮೇಲೆ. ಅದು ಯಾಕಮ್ಮ ಹಾಗೆ ಕೂತಿದೀಯ, ಟಿವಿ ಸರಿಯಾಗಿದೆ, ಏನ್ ಬೇಕು ಹಾಕ್ತೀನಿ, ಪೂಜೆ ಹಾಕ್ಲಾ, ತಲೆ ಅಲ್ಲಾಡಿಸಿದಳು. ಪಾಶ್ಕೊ, ಅಂದಳು ನೆದಾ, ಮೆಲ್ಲಗೆ, ವೈರು ವಾಪಸ್ ಹಾಕು, ಏನು ಅಂದೆ, ಹಾಕು ಅಂದೆನಲ್ಲ, ನಿಂಗ್ ಗೊತ್ತಿತ್ತಾ ಅಂದೆ, ಗೊತ್ತಿತ್ತು, ಅಂದ್ರೆ ಎಷ್ಟು ದಿನದಿಂದ, ವೈರಾ, ಏಪ್ರಿಲಿಂದ, ಅದಕ್ ಮುಂಚೆ ಬರೀ ತೂತು, ಅದ್ರಲ್ಲೇ ಮಾತಾಡ್ತಿದ್ರು, ಊಟದ್ ಹೊತ್ಗೆ ಅವನು ಆ ಕಡೆ ಮೇಜಲ್ಲಿ ಕೂರ್ತಿದ್ದ, ಇವ್ರು ಈ ಕಡೆ, ಕಿವಿ ಹೋದ್ಮೇಲೆ ಏನ್ ಮಾಡ್ತಾರೆ ಹೇಳು, ಎರಡು ವರ್ಷ ಸುಮ್ನೆ ಗೋಡೆ ನೋಡ್ಕೊಂಡು ಉಂಡ್ರು, ಅದಕ್ಕೆ ಅವನು ಆ ಕಡೆ ಒಂದು ಕ್ಯಾಮೆರಾ ಇಟ್ಕೊಂಡ, ಈ ಟಿವಿಗೂ ಒಂದು ಕಳ್ಸಿದ, ವೈರನ್ನ ಟಿವಿಗೆ ಹಾಕು ಅಂತ ಚೀಟೀಲಿ ಬರ್ದು ತೂತಿಂದ ಕೊಟ್ಟ, ಅಮ್ಮಂಗೆ ಆ ಡಬ್ಬೀಲಿ ಖಾಲಿ ಕಿಂಡಿ ಕಾಣ್ತು, ಅಲ್ಲೇ ಹಾಕಿದ್ರು, ಗುಪ್ತಪದ ಹೇಳ್ದೋಳು ನಾನು, ಏನ್ ಮಾಡ್ತೀಯ ಮಾಡು, ಬೈ ಬೇಕಾದ್ರೆ. ಒಂಬತ್ತು ವರ್ಷ ಈ ನೆಲಮಾಳಿಗೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ, ಟಿವಿಯ ನೆತ್ತಿಯ ಮೇಲಿನ ಆ ಕಪ್ಪು ಗುಂಡಿ, ಆ ಕ್ಯಾಮೆರಾವನ್ನು ಟಿವಿಯ ಜೊತೆಗೇ ಬಂದದ್ದು ಅಂದಿದ್ದಳು ಅಮ್ಮ, ನಂಬಿದ್ದೆ.

ಬೂದು ವೈರು ಇನ್ನೂ ಕೈಯಲ್ಲೇ ಇದೆ, ಬೆವರಿಗೆ ಟೇಪು ಅಂಟುತ್ತಿದೆ, ಹಾಕಿದರೆ ನಾಲ್ಕು ನಿಮಿಷದಲ್ಲಿ ಮತ್ತೆ ಎಲ್ಲ ಕೆಡುತ್ತದೆ, ಮಿಲೋಶ್ ಕೂಗುತ್ತಾನೆ, ಹಾಕದಿದ್ದರೆ ಅಮ್ಮ ಹೀಗೇ ಕೂರುತ್ತಾಳೆ, ಸೊಪ್ಪು ಆರುತ್ತಿದೆ, ಬಗ್ಗಿದೆ, ಐದನೆಯ ಕಿಂಡಿಗೆ ಒತ್ತಿದೆ, ಟಿಕ್ ಅಂದಿತು, ಹಸಿರು ಮಿಣುಕಿತು, ಉಂಗುರ ಸುತ್ತಿತು ಸುತ್ತಿತು, ನಿಂತಿತು, ಚಿತ್ರ ಬಂತು — ಒಂದು ತಟ್ಟೆ, ಅದರಲ್ಲೂ ಬೂತಾಯಿ, ಬ್ರೆಡ್ಡು ಮುರಿಯುತ್ತಿದ್ದ ಒಂದು ಕೈ ಹಾಗೇ ನಿಂತಿದೆ, ಮುದಿ ಕೈ, ಅಪ್ಪನ ಕೈಯಂಥದ್ದು, ಅದು ಅವನದಾ, ಅವನಿಗೂ ಮುಪ್ಪು ಬಂತಾ — ಮುಖ ಎತ್ತಿದ, ಅಮ್ಮ ಕಾಣಬೇಕಾದಲ್ಲಿ ಅವನಿಗೆ ನಾನು ಕಂಡೆ, ಕನ್ನಡಕ ಮೇಲಕ್ಕೆ ತಳ್ಳಿದ, ನನ್ನ ಹಾಗೇ ತಳ್ಳುತ್ತಾನೆ, ಬೈಯಲಿಲ್ಲ, ನಗಲಿಲ್ಲ, ಬ್ರೆಡ್ಡು ತಟ್ಟೆಯಲ್ಲಿಟ್ಟು ಅಂದ, ಗೋಡೆಯ ತೂತಿನಿಂದ ಒಮ್ಮೆ, ಟಿವಿಯಿಂದ ಇನ್ನೊಮ್ಮೆ, ಒಂದೇ ಮಾತು ಎರಡೆರಡು ಸಲ ಕೇಳಿತು, ಆ ಡಬ್ಬಿಗ್ ಹಾಕ್ಬೇಡ ಪಾಶ್ಕೊ, ಹಳದೀದು ತೆಗ್ದು ಇದನ್ನ ನೇರ ಟಿವಿಗ್ ಹಾಕು, ಆಗ ನಿನ್ ಕಂಪ್ಯೂಟರು ನಿನ್ ಪಟ್ಟೀಲೇ ಇರತ್ತೆ, ಅಮ್ಮನ್ ಟಿವಿ ಒಂದೇ ಅತಿಥಿಗಳಲ್ಲಿ ಉಳಿಯೋದು, ಅದೊಂದು ಉಳಿದ್ರೆ ಪರವಾಗಿಲ್ವಾ ನಿಂಗೆ. ಅಮ್ಮ ನನ್ನ ಅಂಗಿ ಎಳೆಯುತ್ತಿದ್ದಾಳೆ, ಏನಂದ, ಏನಂದನೋ ಅವನು, ಹೇಳು, ಅವಳ ಕಿವಿಗೆ ಬಗ್ಗಬೇಕು, ಬಗ್ಗಿ ಕೂಗಿ ಹೇಳಬೇಕು, ಕೂಗಿದರೆ ಗೋಡೆಯಾಚೆಗೂ ಕೇಳುತ್ತದೆ, ಲುಕ್ಷಾ ಅನ್ನಬೇಕು, ಲುಕ್ಷಾ ಹೀಗಂದ ಅಮ್ಮಾ ಅನ್ನಬೇಕು, ಮೇಜಿನ ಮೇಲೆ ಕೈಯೂರಿ ಬಗ್ಗುತ್ತಿದ್ದೇನೆ, ಕಣ್ಣು ಟಿವಿಯಲ್ಲೇ, ಅವನ ತಟ್ಟೆ, ತಟ್ಟೆಯ ಈಚೆ ಮೇಜಿನ ಅಂಚು, ಅಂಚು ಗೋಡೆಗೆ ತಾಗಿದ ಕಡೆ ಗರಗಸದ ಹಲ್ಲು ಮುರಿದ ಗೀರು, ಗೀರಿನ ಪಕ್ಕ ಅರ್ಧ ಗಂಟು, ನನ್ನ ಅಂಗೈ ಕೆಳಗಿನದರ ಇನ್ನರ್ಧ, ಅವನ ಬೆರಳು ಅದರ ಮೇಲಿದೆ, ಅರ್ಧ ಗಂಟು, ಅದರ ಮೇಲೆ ಬೆರಳು, ಅರ್ಧ ಗಂಟು